ಡಾರ್ವಿನ್‌ನ ಅಂಚೆ

ಕೇಳುಗರೆಲ್ಲರಿಗೂ ನಮಸ್ಕಾರ.

ಡಾರ್ವಿನ್ ಹೆಸರು ಎತ್ತಿದ ಕೂಡಲೇ ಕೋತಿಯ ಪ್ರಶ್ನೆ ಬರುತ್ತದೆ. ಎಲ್ಲಿ ಮಾತನಾಡಲು ಹೋದರೂ ಹಿಂದಿನ ಸಾಲಿನಿಂದ ಯಾರಾದರೊಬ್ಬರು ಎದ್ದು, ‘ಹಾಗಾದರೆ ಈಗಿನ ಕೋತಿಗಳು ಯಾಕೆ ಸಾರ್ ಮನುಷ್ಯರಾಗುತ್ತಿಲ್ಲ?’ ಎಂದು ಕೇಳುತ್ತಾರೆ. ಸಭೆಯೆಲ್ಲ ನಗುತ್ತದೆ, ಅಲ್ಲಿಗೆ ನನ್ನ ಅರ್ಧ ಗಂಟೆ ಹೋಯಿತು. ಬಾನುಲಿಯಲ್ಲಿ ನನ್ನನ್ನು ಯಾರೂ ತಡೆಯುವಂತಿಲ್ಲ. ಆದ್ದರಿಂದ ಇವತ್ತು ಕೋತಿಯ ತಂಟೆ ಬೇಡ. ಡಾರ್ವಿನ್‌ನ ಮನೆಗೆ ಬರುತ್ತಿದ್ದ, ಅಲ್ಲಿಂದ ಹೋಗುತ್ತಿದ್ದ ಅಂಚೆಯ ವಿಷಯ ಹೇಳುತ್ತೇನೆ.

ಬೀಗಲ್ ಹಡಗಿನಲ್ಲಿ ಲೋಕ ಸುತ್ತಿ 1836ರಲ್ಲಿ ಇಂಗ್ಲೆಂಡಿಗೆ ಮರಳಿದ ಡಾರ್ವಿನ್ ಮತ್ತೆ ಆ ದ್ವೀಪ ಬಿಟ್ಟು ಹೊರಗೆ ಹೋಗಲೇ ಇಲ್ಲ. 1842ರಲ್ಲಿ ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿ ಸೇರಿದ. ಆರೋಗ್ಯ ಸರಿಯಿಲ್ಲ, ಮನೆ ತುಂಬ ಮಕ್ಕಳು. ಅಲ್ಲಿ ಕುಳಿತುಕೊಂಡೇ ಜಗತ್ತಿನ ಗಿಡ, ಹಕ್ಕಿ, ಪಳೆಯುಳಿಕೆಗಳ ವಿಚಾರವನ್ನೆಲ್ಲ ತರಿಸಿಕೊಂಡ. ಹೇಗೆ? ಕಾಗದ ಬರೆದು ಕೇಳಿದ. ನಾನು ಇವತ್ತು ಹೇಳಲು ಬಂದಿರುವುದು ಇದೊಂದೇ ಮಾತು: ಗೊತ್ತಿದ್ದವರು ಯಾರೆಂದು ಹುಡುಕಿ, ಅವರಿಗೆ ಒಂದು ಸಣ್ಣ ಪ್ರಶ್ನೆ ಹಾಕಿ, ಉತ್ತರಕ್ಕಾಗಿ ಕಾದ. ಅವನು ಬರೆದ ಮತ್ತು ಅವನಿಗೆ ಬಂದ ಪತ್ರಗಳಲ್ಲಿ ಇಂದು ತಿಳಿದಿರುವುದೇ ಸುಮಾರು 15,000. ಪತ್ರ ವ್ಯವಹಾರ ನಡೆಸಿದವರು ಸುಮಾರು 2,000 ಜನ. ಪಾರಿವಾಳ ಸಾಕುವವರು, ತೋಟದ ಮಾಲಿಗಳು, ಪಾದ್ರಿಗಳು, ರಾಯಭಾರಿಗಳು, ಪ್ರಾಧ್ಯಾಪಕರು, ಎಲ್ಲರೂ ಅದರಲ್ಲಿದ್ದಾರೆ.

ಕಾಲವೂ ಕೂಡಿ ಬಂದಿತ್ತು. 1840ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಅರ್ಧ ಔನ್ಸ್ ತೂಕದೊಳಗಿನ ಕಾಗದಕ್ಕೆ ದೇಶದೊಳಗೆ ಎಲ್ಲಿಗಾದರೂ ಒಂದೇ ಪೆನ್ನಿ ಎಂದು ಗೊತ್ತುಮಾಡಿತು. ಅದಕ್ಕೆ ಮುಂಚೆ ದೂರ ಹೆಚ್ಚಿದಷ್ಟೂ ದರ ಏರುತ್ತಿತ್ತು, ಹಣವನ್ನು ಸಾಮಾನ್ಯವಾಗಿ ಪತ್ರ ಪಡೆದವರೇ ಕೊಡಬೇಕಿತ್ತು. ಪೆನ್ನಿ ಅಂಚೆ ಬರದಿದ್ದರೆ ಡಾರ್ವಿನ್‌ನ ಪ್ರಶ್ನೆಗಳಿಗೆ ಎಷ್ಟು ಜನ ಬಾಗಿಲು ತೆರೆಯುತ್ತಿದ್ದರೋ!

ಈ ಬಳಗದಲ್ಲಿ ನನಗೆ ಬಹಳ ಪ್ರಿಯನಾದವನು ಜೋಸೆಫ್ ಡಾಲ್ಟನ್ ಹೂಕರ್. ಸಸ್ಯಶಾಸ್ತ್ರ ಕಲಿಸಿದವನು ನಾನು, ಪಕ್ಷಪಾತ ಇದ್ದೇ ಇದೆ. ಜೇಮ್ಸ್ ಕ್ಲಾರ್ಕ್ ರಾಸ್‌ನ ಅಂಟಾರ್ಕ್ಟಿಕ ಯಾನದಲ್ಲಿ ನಾಲ್ಕು ವರ್ಷ ಕಳೆದು 1843ರಲ್ಲಿ ಊರಿಗೆ ಬಂದ ಹೂಕರ್‌ಗೆ, ಗಲಾಪಗಸ್ ದ್ವೀಪಗಳಲ್ಲಿ ತಾನು ಕಿತ್ತು ತಂದ ಗಿಡಗಳನ್ನು ನೋಡಿಕೊಡು ಎಂದು ಡಾರ್ವಿನ್ ಒಪ್ಪಿಸಿದ. ಮರು ವರ್ಷ ಜನವರಿ 11ರಂದು ಅವನಿಗೆ ಬರೆದ ಕಾಗದದಲ್ಲೇ, ಜೀವಿ ಪ್ರಭೇದಗಳು ಬದಲಾಗದೆ ಇರುವಂಥವಲ್ಲ ಎಂದು ತನಗೆ ಹೆಚ್ಚುಕಡಿಮೆ ಖಚಿತವಾಗಿದೆ, ಇದನ್ನು ಹೇಳುವುದು ಕೊಲೆ ಮಾಡಿದೆನೆಂದು ಒಪ್ಪಿಕೊಂಡ ಹಾಗಿದೆ ಎಂದು ಬರೆದದ್ದು. ಹೂಕರ್‌ಗೆ ಆಗ 26 ವರ್ಷ. ಅವನು ಗಾಬರಿಯಾಗಲಿಲ್ಲ, ಹೊಗಳಲೂ ಇಲ್ಲ. ಬದಲಾವಣೆ ಆಗಿರಬಹುದು, ಹೇಗೆ ಆಯಿತೆಂದು ನೀವು ಹೇಳಿದರೆ ಸಂತೋಷದಿಂದ ಕೇಳುತ್ತೇನೆ, ಇದುವರೆಗೆ ಯಾರು ಹೇಳಿದ್ದೂ ನನಗೆ ಒಪ್ಪಿಗೆಯಾಗಿಲ್ಲ ಎಂದು ಉತ್ತರಿಸಿದ. ಇಂಥ ಗೆಳೆಯ ಒಬ್ಬನಿದ್ದರೆ ಸಾಕು. ಇವರಿಬ್ಬರ ನಡುವೆ ಓಡಾಡಿದ ಪತ್ರಗಳೇ ಸುಮಾರು 1,400.

ಇಬ್ಬರಿಗೂ ಒಂದು ಜಗಳವಿತ್ತು. ದಕ್ಷಿಣ ಸಮುದ್ರದ ಕರ್ಗೆಲೆನ್ ದ್ವೀಪ, ನ್ಯೂಜಿಲೆಂಡ್, ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೊ, ಇವುಗಳ ನಡುವೆ ಸಾವಿರಾರು ಮೈಲಿ ನೀರು. ಆದರೂ ಕೆಲವು ಗಿಡಗಳು ಎಲ್ಲ ಕಡೆಯೂ ಅವೇ. ಹಿಂದೆ ಅಲ್ಲೆಲ್ಲ ನೆಲವಿತ್ತು, ಈಗ ಮುಳುಗಿದೆ ಎಂದ ಹೂಕರ್. ಡಾರ್ವಿನ್‌ಗೆ ಮೈ ಉರಿಯಿತು. ಅಡುಗೆಯವರು ದೋಸೆ ಹುಯ್ದಷ್ಟು ಸಲೀಸಾಗಿ ಇವರು ಖಂಡಗಳನ್ನು ಹುಟ್ಟಿಸುತ್ತಾರಲ್ಲ ಎಂದು ರೇಗಿಕೊಂಡ. ದೋಸೆ ಎಂದವನು ನಾನು, ಅವನು ಹೇಳಿದ್ದು ಅವರ ಊರಿನ ಪ್ಯಾನ್‌ಕೇಕು. ಬೀಜಗಳು ಸಮುದ್ರದ ಮೇಲೆ ತೇಲಿಕೊಂಡು ಹೋಗಿರಬಾರದೇಕೆ ಎಂಬುದು ಅವನ ವಾದ. ಆದರೆ ಉಪ್ಪುನೀರಿನಲ್ಲಿ ಬೀಜ ಎಷ್ಟು ದಿನ ಬದುಕುತ್ತದೆ? ಅಷ್ಟು ಸಣ್ಣ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ!

1855ರ ವಸಂತದಲ್ಲಿ ಡೌನ್ ಮನೆ ಸೀಸೆಗಳಿಂದ ತುಂಬಿತು. ಮೂಲಂಗಿ, ಎಲೆಕೋಸು, ಕ್ಯಾರೆಟ್, ಈರುಳ್ಳಿ, ಸೆಲೆರಿ, ಹೀಗೆ ತೋಟದ ಬೀಜಗಳನ್ನೆಲ್ಲ ಉಪ್ಪುನೀರಿಗೆ ಹಾಕಿದ. ಕೆಲವು ಸೀಸೆಗಳನ್ನು ಹೊರಗೆ ನೆರಳಿನಲ್ಲಿಟ್ಟ, ಕೆಲವನ್ನು ನೆಲಮಾಳಿಗೆಯಲ್ಲಿ ಹಿಮ ತುಂಬಿದ ತೊಟ್ಟಿಯೊಳಗಿಟ್ಟ. ನೀರು ಕೊಳೆತು ನಾರತೊಡಗಿತು. ಹಲೀಂ ಬೀಜಗಳು ಲೋಳೆ ಬಿಟ್ಟು ಒಂದಕ್ಕೊಂದು ಅಂಟಿಕೊಂಡವು. ವಾರದ ಮೇಲೆ ತೆಗೆದು ಬಿತ್ತಿದರೆ ಮೊಳಕೆ! ಡಾರ್ವಿನ್‌ಗೇ ನಂಬಿಕೆಯಿರಲಿಲ್ಲ. ಬೀಜಗಳು ಸತ್ತೇ ಹೋಗುತ್ತವೆ, ಹೂಕರ್ ನನ್ನನ್ನು ಆಡಿಕೊಳ್ಳುತ್ತಾನೆ ಎಂದುಕೊಂಡಿದ್ದ. ಮಕ್ಕಳಿಗೆ ಇದು ಪಂದ್ಯದಂತಾಯಿತು. ‘ಅಪ್ಪ, ನೀವು ಡಾಕ್ಟರ್ ಹೂಕರ್ ಅವರನ್ನು ಸೋಲಿಸುತ್ತೀರಾ?’ ಎಂದು ಮತ್ತೆ ಮತ್ತೆ ಕೇಳುತ್ತಿದ್ದರಂತೆ.

ಲೆಕ್ಕ ಕೇಳಿ. 87 ಬಗೆಯ ಬೀಜಗಳಲ್ಲಿ 64 ಬಗೆ 28 ದಿನ ನೆನೆದ ಮೇಲೂ ಮೊಳೆತವು. ಎಲ್ಲಕ್ಕಿಂತ ಗಟ್ಟಿಯಾಗಿ ನಿಂತದ್ದು ಮೆಣಸಿನಕಾಯಿ: 137 ದಿನ ಉಪ್ಪುನೀರಿನಲ್ಲಿದ್ದೂ 56 ಬೀಜಗಳಲ್ಲಿ 30 ಮೊಳೆತವು. ಅಟ್ಲಾಂಟಿಕ್ ಸಾಗರದ ಪ್ರವಾಹಗಳ ಸರಾಸರಿ ವೇಗ ದಿನಕ್ಕೆ 33 ಮೈಲಿ ಎಂದು ಭೂಪಟದ ಪುಸ್ತಕದಲ್ಲಿತ್ತು. ಗುಣಿಸಿದ. 28 ದಿನಕ್ಕೆ 924 ಮೈಲಿ. ಗೆದ್ದೆ ಎನ್ನುವಷ್ಟರಲ್ಲಿ ತೊಡಕು ಎದುರಾಯಿತು: ಹಸಿ ಬೀಜಗಳಲ್ಲಿ ಹೆಚ್ಚಿನವು ತೇಲುವುದೇ ಇಲ್ಲ, ಮುಳುಗುತ್ತವೆ. ಇಷ್ಟು ಕಷ್ಟಪಟ್ಟು ಉಪ್ಪು ಹಾಕಿದ್ದೆಲ್ಲ ದಂಡವಾಯಿತು, ಈ ಬೀಜಗಳಿಗೆ ಕೃತಜ್ಞತೆಯೇ ಇಲ್ಲ ಎಂದು ಹೂಕರ್‌ಗೇ ದೂರು ಬರೆದ. ಗಮನಿಸಿ, ಸೋಲನ್ನು ಬರೆದು ತಿಳಿಸಿದ್ದು ಎದುರಾಳಿಗೆ. ಆಮೇಲೆ ಕೊಂಬೆಗಳನ್ನು ಹಣ್ಣಿನ ಸಮೇತ ಒಣಗಿಸಿ ನೀರಿಗೆ ಬಿಟ್ಟ. ಹಸಿಯಾಗಿದ್ದಾಗ 23 ದಿನ ತೇಲಿದ ಆಸ್ಪ್ಯಾರಗಸ್ ಗಿಡ ಒಣಗಿಸಿದ ಮೇಲೆ 85 ದಿನ ತೇಲಿತು, ಅದರ ಬೀಜವೂ ಮೊಳೆಯಿತು.

ಇನ್ನು ಮೀನಿನ ಕಥೆ. ಇದನ್ನು ಹೇಳದೆ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಲಂಡನ್ನಿನ ಪ್ರಾಣಿಸಂಗ್ರಹಾಲಯದ ಮೀನುಗಳಿಗೆ ನೆನೆಸಿದ ಬೀಜ ತಿನ್ನಿಸಿದರು. ಮೀನುಗಳು ಗಬಗಬ ಬಾಯಿಗೆ ಹಾಕಿಕೊಂಡವು. ಡಾರ್ವಿನ್‌ನ ಮನಸ್ಸು ಆಗಲೇ ಹಾರಿತ್ತು: ಆ ಮೀನನ್ನು ಬಕಪಕ್ಷಿ ನುಂಗಿತು, ನೂರು ಮೈಲಿ ಹಾರಿತು, ಇನ್ನೊಂದು ಕೆರೆಯ ದಂಡೆಯಲ್ಲಿ ಹಿಕ್ಕೆ ಹಾಕಿತು, ಬೀಜ ಸೊಗಸಾಗಿ ಮೊಳೆಯಿತು. ಅಷ್ಟರಲ್ಲಿ ಮೀನುಗಳು ಅಷ್ಟೂ ಬೀಜಗಳನ್ನು ಥೂ ಎಂದು ಉಗಿದುಬಿಟ್ಟವು. ನನಗೆ ಎಷ್ಟು ಹೇಸಿಗೆಯಾಯಿತೋ ಅವಕ್ಕೂ ಅಷ್ಟೇ ಹೇಸಿಗೆಯಾಗಿತ್ತು ಎಂದು ಹೂಕರ್‌ಗೆ ಬರೆದಿದ್ದಾನೆ. ಅಲ್ಲಿಗೆ ಬಿಟ್ಟನೆ? ಇಲ್ಲ. ಸತ್ತ ಮೀನಿನ ಹೊಟ್ಟೆಗೆ ಬೀಜ ತುರುಕಿ ಹದ್ದು, ಕೊಕ್ಕರೆ, ಹೆಜ್ಜಾರ್ಲೆಗಳಿಗೆ ಹಾಕಿಸಿದ. ಗಂಟೆಗಳ ಮೇಲೆ ಅವು ಹೊರಹಾಕಿದ ಬೀಜಗಳಲ್ಲಿ ಹಲವು ಮೊಳೆತವು. ಕೆರೆಯ ಕೆಸರನ್ನು ಮೂರು ಚಮಚ ತಂದು ಬಟ್ಟಲಿನಲ್ಲಿಟ್ಟು ಆರು ತಿಂಗಳು ಮೊಳಕೆ ಎಣಿಸಿದ, 537 ಗಿಡಗಳು. ಮುಂದೊಂದು ವರ್ಷ ಕೇಂಬ್ರಿಜ್‌ನ ಆಲ್ಫ್ರೆಡ್ ನ್ಯೂಟನ್ ಒಂದು ಕೌಜುಗದ ಕಾಲು ಕಳಿಸಿಕೊಟ್ಟ. ಅದಕ್ಕೆ ಮಣ್ಣಿನ ಉಂಡೆ ಗಟ್ಟಿಯಾಗಿ ಹತ್ತಿತ್ತು. ಮೂರು ವರ್ಷ ಹಾಗೇ ಇದ್ದ ಆ ಮಣ್ಣನ್ನು ಒಡೆದು ನೀರು ಹಾಕಿದರೆ 82 ಗಿಡ ಎದ್ದವು. ಹಕ್ಕಿಯ ಕಾಲು ಅಂಚೆಯಲ್ಲಿ ಬರುವ ಮನೆ! ಹೆಂಡತಿ ಎಮ್ಮಾಳ ತಾಳ್ಮೆಗೆ ಒಂದು ನಮಸ್ಕಾರ.

ಹೂಕರ್ ಪೂರ್ತಿ ಸೋತನೇ ಎಂದರೆ, ಅದೂ ಇಲ್ಲ. ದಕ್ಷಿಣದ ಖಂಡಗಳು ಒಮ್ಮೆ ಒಂದಕ್ಕೊಂದು ಸೇರಿಕೊಂಡಿದ್ದವೆಂದು ಇಪ್ಪತ್ತನೆಯ ಶತಮಾನದಲ್ಲಿ ಗೊತ್ತಾಯಿತು. ಅವು ಮುಳುಗಲಿಲ್ಲ, ಸರಿದವು. ಬೀಜಗಳು ಸಮುದ್ರ ದಾಟಿದ್ದೂ ನಿಜ.

ಸಮಯ ಮೀನಿಗೇ ಹೋಯಿತು. ಪಳೆಯುಳಿಕೆಗೆ ಎರಡು ಮಾತು. ಸಹಾರನ್‌ಪುರದ ಸಸ್ಯೋದ್ಯಾನದಲ್ಲಿದ್ದು ಶಿವಾಲಿಕ್ ಬೆಟ್ಟಗಳಲ್ಲಿ ಆನೆ, ನೀರಾನೆಗಳ ಮೂಳೆ ಅಗೆದ ಹ್ಯೂ ಫಾಲ್ಕನರ್‌ಗೆ ಪ್ರಭೇದ ಬದಲಾಗುತ್ತದೆ ಎಂಬ ಮಾತು ಸುಲಭಕ್ಕೆ ಹಿಡಿಸಲಿಲ್ಲ. ಆದರೆ ಹಕ್ಕಿಯ ಹಾಗೆ ಗರಿಯೂ ಹಲ್ಲಿಯ ಹಾಗೆ ಉದ್ದ ಬಾಲವೂ ಇದ್ದ ಆರ್ಕಿಯಾಪ್ಟೆರಿಕ್ಸ್ ಪಳೆಯುಳಿಕೆ ಬ್ರಿಟಿಷ್ ಮ್ಯೂಸಿಯಂಗೆ ಬಂದಾಗ, 1863ರ ಜನವರಿಯಲ್ಲಿ ಡಾರ್ವಿನ್‌ಗೆ ಉತ್ಸಾಹದಿಂದ ಸುದ್ದಿ ಬರೆದವನೂ ಅವನೇ.

ನಮ್ಮ ದೇಶದಿಂದ ಹೋದ ಪತ್ರಗಳೂ ಕಡಿಮೆಯಲ್ಲ. ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಪುಟಗಟ್ಟಲೆ ಬರೆಯುತ್ತಿದ್ದ. ವಾಲೇಸ್ ಎಂಬವನ ಲೇಖನ ನೋಡಿದಿರಾ ಎಂದು 1855ರಲ್ಲೇ ಎಚ್ಚರಿಸಿದ್ದವನು ಅವನು. ಮೂರು ವರ್ಷದ ಮೇಲೆ ಅದೇ ವಾಲೇಸ್‌ನ ಕಾಗದ ಇಂದಿನ ಇಂಡೋನೇಷ್ಯಾದ ಟರ್ನಾಟೆ ದ್ವೀಪದಿಂದ ಬಂದು ಡಾರ್ವಿನ್‌ನನ್ನು ಅಲ್ಲಾಡಿಸಿಬಿಟ್ಟಿತು: ಪ್ರಭೇದಗಳು ಹೇಗೆ ಬದಲಾಗುತ್ತವೆ ಎಂಬುದಕ್ಕೆ ಡಾರ್ವಿನ್ ಕಂಡುಕೊಂಡಿದ್ದ ಉತ್ತರವನ್ನೇ ಅವನೂ ಕಂಡುಕೊಂಡಿದ್ದ. ಆ ಕಥೆ ನಿಮಗೆ ಗೊತ್ತಿರುತ್ತದೆ, ನಾನು ಹೇಳುವುದಿಲ್ಲ.

ವಾಲ್ಟರ್ ಎಲಿಯಟ್‌ನ ಹೆಸರು ಮಾತ್ರ ಕನ್ನಡಿಗರು ತಿಳಿದಿರಬೇಕು. 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನವರ ಸೈನ್ಯಕ್ಕೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ಈ ಎಲಿಯಟ್. ಮುಂದೆ ಧಾರವಾಡದ ಸೀಮೆಯಲ್ಲಿ ನೂರಾರು ಶಾಸನಗಳ ಪ್ರತಿ ಮಾಡಿಸಿದ, ಅಲ್ಲಿನ ಪ್ರಾಣಿಗಳ ಪಟ್ಟಿ ತಯಾರಿಸಿದ. 1856ರಲ್ಲಿ ಅವನು ಮದರಾಸಿನಲ್ಲಿದ್ದಾಗ ಡಾರ್ವಿನ್‌ನ ಕಾಗದ ಹೋಯಿತು: ಅಲ್ಲಿನ ಸಾಕು ಪಾರಿವಾಳಗಳ ಚರ್ಮಗಳು ಸಿಗುತ್ತವೆಯೇ? ಎಲಿಯಟ್ ಕಳಿಸಿದ. 1859ರಲ್ಲಿ ಬಂದ ‘ಪ್ರಭೇದಗಳ ಉಗಮ’ದ ಮೊದಲ ಅಧ್ಯಾಯದಲ್ಲೇ ಡಾರ್ವಿನ್ ಅವನನ್ನು ನೆನೆದಿದ್ದಾನೆ. ಯಾರನ್ನು ಕೇಳಬೇಕೆಂದು ಗೊತ್ತಿತ್ತು, ಕೇಳಿದ.

ವಿಜ್ಞಾನದ ಮೇಷ್ಟರುಗಳು ಕೇಳುತ್ತಿದ್ದರೆ ಒಂದು ವಿಷಯ. ಈ ಪತ್ರಗಳ ಮೊದಲ ಸಂಪುಟ ಕೇಂಬ್ರಿಜ್‌ನಿಂದ 1985ರಲ್ಲಿ ಬಂದಿತು, ಮೂವತ್ತನೆಯದೂ ಕೊನೆಯದೂ ಆದ ಸಂಪುಟ 2023ರಲ್ಲಿ. ಪತ್ರಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. 1855ರ ಏಪ್ರಿಲ್‌ನಿಂದ ಓದಲು ಶುರು ಮಾಡಿ. ಡಾರ್ವಿನ್‌ನ ಕೈಬರಹ ಬಿಡಿಸಲು ಹೋಗಿ ಕಣ್ಣು ಕೆಡಿಸಿಕೊಳ್ಳಬೇಡಿ, ಅಚ್ಚಾದ ಪಾಠವನ್ನೇ ಓದಿ. ನಮಸ್ಕಾರ.