ಶಿಪ್‌ಯಾರ್ಡಿನಲ್ಲಿ ಹುಟ್ಟಿದ ಆನೆ

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಇಲ್ಲಿ ಕುರ್ಚಿಗಳು ಖಾಲಿ ಇವೆ. ಪರದೆಯ ಹತ್ತಿರದ ಆ ಒಂದು ಲೈಟ್ ಆರಿಸಿದರೆ ಫೋಟೊ ಚೆನ್ನಾಗಿ ಕಾಣುತ್ತದೆ. ಹಾಂ, ಸಾಕು.

ಇವತ್ತು ನಾನು ಹೇಳಲು ಬಂದಿರುವುದು ಫ್ರಾನ್ಸಿನ ನಾಂತ್ ಎಂಬ ಊರಿನ ಬಗ್ಗೆ, ಅಲ್ಲಿ ಮುಚ್ಚಿಹೋದ ಶಿಪ್‌ಯಾರ್ಡಿನ ಜಾಗದಲ್ಲಿ ಹುಟ್ಟಿದ ಒಂದು ಯಂತ್ರದ ಆನೆಯ ಬಗ್ಗೆ. ಲ್ವಾರ್ ನದಿಯ ದಡದಲ್ಲಿದೆ. ಅಟ್ಲಾಂಟಿಕ್ ಸಮುದ್ರ ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರ. ಆದರೂ ಉಬ್ಬರದ ನೀರು ಊರೊಳಗೆ ಬಂದು ಹೋಗುತ್ತದೆ. ಒಂದನೇ ನಂಬರ್ ಟ್ರಾಮ್ ಹತ್ತಿದರೆ ‘ಶಾಂತಿಯೇ ನವಾಲ್’ ಅಂತ ಒಂದು ಸ್ಟಾಪು ಬರುತ್ತದೆ. ಹಾಗೆಂದರೆ ಶಿಪ್‌ಯಾರ್ಡ್. ಘೋಷಣೆ ಕೇಳಿ ನನಗೆ ನಗು ಬಂತು. ಹಗಲಿಡೀ ಕಬ್ಬಿಣ ಬಡಿಯುವ ಜಾಗಕ್ಕೆ ‘ಶಾಂತಿಯೇ’ ಅಂತ ಹೆಸರು!

ಅಲ್ಲಿ ಇಳಿದು ಸೇತುವೆ ದಾಟಿದರೆ ನದಿಯ ನಡುವಿನ ದ್ವೀಪ. ಅದರ ಪಶ್ಚಿಮದ ತುದಿಯಲ್ಲಿ ಹಡಗು ಕಟ್ಟುತ್ತಿದ್ದರು. ಹಡಗನ್ನು ನೀರಿಗೆ ಇಳಿಸುವ ದಿನ ಊರಿಗೆ ಊರೇ ದಡಕ್ಕೆ ಬರುತ್ತಿತ್ತಂತೆ, ನಮ್ಮಲ್ಲಿ ತೇರು ನೋಡಲು ಬಂದ ಹಾಗೆ. ಹೋಲಿಕೆ ಸುಮ್ನೆ ಹೇಳಿದ್ದಲ್ಲ. ತೇರಿಗೂ ಹಡಗಿಗೂ ಒಂದೇ ಕಷ್ಟ: ಹೊರಡಿಸುವುದಕ್ಕಿಂತ ನಿಲ್ಲಿಸುವುದು ಕಷ್ಟ. ಇಳಿಜಾರಿನಲ್ಲಿ ಜಾರಿಬಿಟ್ಟ ಹಡಗು ಎದುರು ದಡಕ್ಕೆ ಹೋಗಿ ಗುದ್ದಬಾರದು. ನದಿ ಬಂದರುಗಳಲ್ಲಿ ಅದಕ್ಕೇ ಭಾರೀ ಸರಪಳಿಯ ಕಂತೆಗಳನ್ನು ಹಡಗಿಗೆ ಕಟ್ಟಿರುತ್ತಿದ್ದರು. ಅವು ನೆಲ ಉಜ್ಜುತ್ತಾ ಹಡಗಿನ ಓಟ ತಗ್ಗಿಸುತ್ತಿದ್ದವು.

1970ರ ದಶಕದ ತೈಲ ಬಿಕ್ಕಟ್ಟಿನ ಹೊಡೆತ ಬಿತ್ತು. ಜಪಾನ್, ಕೊರಿಯಾದ ಯಾರ್ಡುಗಳು ಕಡಿಮೆ ದುಡ್ಡಿಗೆ ಹಡಗು ಕಟ್ಟಿಕೊಡುತ್ತಿದ್ದವು. ದೊಡ್ಡ ಹಡಗಿನ ಕೆಲಸವೆಲ್ಲ ನದಿ ಸಮುದ್ರ ಸೇರುವ ಕಡೆ, ಸಾಂ ನಜೇರ್‌ನಲ್ಲಿ ಉಳಿಯಿತು. ಅಲ್ಲಿ ಇವತ್ತಿಗೂ ಪ್ರವಾಸಿ ಹಡಗುಗಳನ್ನು ಕಟ್ಟುತ್ತಾರೆ. ನಾಂತ್‌ನಲ್ಲಿ ಕೊನೆಗೆ ಉಳಿದಿದ್ದ ದ್ಯುಬಿಜೋನ್ ಯಾರ್ಡ್ 1987ರಲ್ಲಿ ಮುಚ್ಚಿತು. ಕೊನೆಯದಾಗಿ ನೀರಿಗೆ ಇಳಿದದ್ದು ಫ್ರೆಂಚ್ ನೌಕಾಪಡೆಯ ಒಂದು ಹಡಗು. ಹೆಸರು ಬೂಗನ್ವಿಲ್. ನಮ್ಮ ಕಾಂಪೌಂಡಿನ ಮೇಲೆ ಹಬ್ಬುವ ಕಾಗದದ ಹೂವಿಗೂ ಅದೇ ನಾವಿಕನ ಹೆಸರು.

ಮುಂದಿನದು ನನಗೆ ಆನೆಗಿಂತ ಮುಖ್ಯ. ಊರ ಮಧ್ಯೆ, ನದಿ ದಡದಲ್ಲಿ, ಇಷ್ಟು ದೊಡ್ಡ ಜಾಗ ಖಾಲಿಯಾದರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಕಬ್ಬಿಣ ಗುಜರಿಗೆ, ಜಾಗ ಬಿಲ್ಡರಿಗೆ. ಅಲ್ಲಿ ಹಾಗಾಗಲಿಲ್ಲ. ಕೆಲಸ ಕಳೆದುಕೊಂಡವರೇ ಸಂಘ ಕಟ್ಟಿಕೊಂಡು, ನಮ್ಮ ಕ್ರೇನ್ ಕತ್ತರಿಸಬೇಡಿ, ಇಳಿಜಾರು ಮುಚ್ಚಬೇಡಿ ಅಂತ ಪಟ್ಟು ಹಿಡಿದರು. ಫೋಟೊದಲ್ಲಿ ಕಾಣುವ ಈ ಹಳದಿ ಟೈಟನ್ ಕ್ರೇನ್ 1950ರ ದಶಕದ್ದು. 2005ರಲ್ಲಿ ಇದು ಸಂರಕ್ಷಿತ ಸ್ಮಾರಕವಾಯಿತು. ನಾವು ಕೋಟೆಗೆ, ದೇವಸ್ಥಾನಕ್ಕೆ ಕೊಡುವ ಮರ್ಯಾದೆ ಅಲ್ಲಿ ಒಂದು ಕ್ರೇನಿಗೆ ಸಿಕ್ಕಿದೆ. ಯಾರ್ಡಿನ ಹಳೆಯ ಆಫೀಸಿನಲ್ಲಿ ‘ಮನುಷ್ಯರ ಮತ್ತು ತಂತ್ರಗಳ ಮನೆ’ ಅಂತ ಒಂದು ಸಂಗ್ರಹಾಲಯ ಇದೆ. ಮನುಷ್ಯರನ್ನು ಮೊದಲು ಇಟ್ಟಿದ್ದಾರೆ, ನೋಡಿ. ಪ್ರವಾಸಿಗರು ಅಲ್ಲಿಗೆ ಹೋಗುವುದು ಕಡಿಮೆ. ನೀವು ಹೋದರೆ ತಪ್ಪಿಸಬೇಡಿ.

ದ್ವೀಪದ ಹೊಸ ನಕ್ಷೆಯ ಕೆಲಸ ವಾಸ್ತುಶಿಲ್ಪಿ ಅಲೆಕ್ಸಾಂಡರ್ ಶೆಮೆತೋಫ್ ಅವರಿಗೆ ಸಿಕ್ಕಿತು. ಅವರು ಇರುವುದನ್ನು ಇಟ್ಟುಕೊಂಡೇ ಮುಂದೆ ಹೋದರು. ಹಡಗು ಜಾರಿಸುತ್ತಿದ್ದ ಕಾಂಕ್ರೀಟ್ ಇಳಿಜಾರುಗಳು ಪಾರ್ಕಿನ ಭಾಗವಾದವು. ಬಿರುಕುಗಳಲ್ಲಿ ಹುಲ್ಲು ಬೆಳೆದಿದೆ. ಹುಡುಗ ಹುಡುಗಿಯರು ಅಲ್ಲೇ ಕೂತು ಹರಟುತ್ತಾರೆ. ಇಳಿತದ ಹೊತ್ತಿಗೆ ಅಂಚಿನಲ್ಲಿ ಬರೀ ಕೆಸರು. ಅದನ್ನೂ ಅಂದಗಾಣಿಸಲು ಹೋಗಿಲ್ಲ.

ಇನ್ನು ಆನೆ. ಫ್ರಾನ್ಸ್ವಾ ದೆಲರೋಜಿಯೇರ್ ಮತ್ತು ಪಿಯೆರ್ ಒರೆಫೀಸ್ ಇದರ ಕರ್ತರು. 2007ರಲ್ಲಿ ಮೊದಲ ಸಲ ಹೊರಗೆ ಬಂತು. ಎತ್ತರ 12 ಮೀಟರ್, ತೂಕ 48 ಟನ್ ದಾಟುತ್ತದೆ. ನಮ್ಮ ದಸರಾ ಆನೆ ಭುಜದವರೆಗೆ ಮೂರು ಮೀಟರಿನ ಒಳಗೇ, ತೂಕ ಐದಾರು ಟನ್. ಚಿನ್ನದ ಅಂಬಾರಿಯೇ 750 ಕೆ.ಜಿ. ಅಂತ ಹೆಮ್ಮೆಪಡುವವರು ನಾವು. ಇಲ್ಲಿ ಬೆನ್ನು, ಹೊಟ್ಟೆ ಎಲ್ಲ ಸೇರಿ ಸುಮಾರು 50 ಜನ ಕೂರುತ್ತಾರೆ! ಒಳಗೆ ಉಕ್ಕಿನ ಅಸ್ಥಿಪಂಜರ, ಮೇಲೆ ಮರದ ಚರ್ಮ, ಚರ್ಮದ ಕಿವಿ. ರೆಪ್ಪೆ ಬಡಿಯುತ್ತದೆ. ಸೊಂಡಿಲಿನಿಂದ ಜನರ ಮೇಲೆ ನೀರು ಚಿಮ್ಮಿಸುತ್ತದೆ. ನಿಜಕ್ಕೂ ಅದು ಹೊಟ್ಟೆಯ ಕೆಳಗಿರುವ ಚಕ್ರಗಳ ಮೇಲೆ ಉರುಳುತ್ತದೆ, ಕಾಲು ಹೆಜ್ಜೆ ಹಾಕುವುದು ನಟನೆ. ಗೊತ್ತಿದ್ದರೂ ಕಣ್ಣು ನಂಬುತ್ತದೆ.

ನಾನು ಟಿಕೆಟ್ ಮೊದಲೇ ತೆಗೆದಿರಲಿಲ್ಲ. ಹೋದಾಗ ಎಲ್ಲಾ ಮುಗಿದಿತ್ತು. ಬೇಸರವೇನೂ ಆಗಲಿಲ್ಲ. ಜಂಬೂ ಸವಾರಿಯನ್ನು ಅಂಬಾರಿಯಲ್ಲಿ ಕೂತು ನೋಡಿದವರು ಯಾರಿದ್ದಾರೆ? ಹಿಂದೆ ಮುಂದೆ ಓಡುತ್ತಾ ನೋಡಿದೆ. ಪೂರ್ತಿ ನೆನೆದೆ.

ನಾಂತ್‌ಗೆ ಆನೆ ಹೇಗೆ ಬಂತು? ಜೂಲ್ಸ್ ವರ್ನ್ 1828ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. ಅವರು 1880ರಲ್ಲಿ ಬರೆದ ಒಂದು ಕಾದಂಬರಿಯಲ್ಲಿ ಉಗಿಯಿಂದ ನಡೆಯುವ ಉಕ್ಕಿನ ಆನೆ ಚಕ್ರದ ಮನೆಗಳನ್ನು ಎಳೆದುಕೊಂಡು ಉತ್ತರ ಭಾರತ ಸುತ್ತುತ್ತದೆ. ಭಾರತಕ್ಕೆ ಅವರು ಬಂದವರೇ ಅಲ್ಲ!

ಆನೆ ಬೀಡುಬಿಟ್ಟಿರುವ ದೊಡ್ಡ ಶೆಡ್ಡುಗಳಿಗೆ ‘ನೆಫ್’ ಅನ್ನುತ್ತಾರೆ. ಚರ್ಚಿನ ನಡುವಿನ ಉದ್ದ ಹಜಾರಕ್ಕೂ ಹಳೆಯ ಕಾಲದ ಹಡಗಿಗೂ ಫ್ರೆಂಚಿನಲ್ಲಿ ಅದೇ ಮಾತು. ಮೇಲಿನ ಕಟ್ಟೆಯಿಂದ ಕಾರ್ಯಾಗಾರ ಕಾಣುತ್ತದೆ. ವೆಲ್ಡರುಗಳು, ಬಡಗಿಗಳು ಕೆಲಸ ಮಾಡುತ್ತಿರುತ್ತಾರೆ. ಆದರೆ ಇದನ್ನು ನೋಡಿ ಹಳೆಯ ಕೆಲಸ ವಾಪಸ್ ಬಂತು ಅಂದುಕೊಳ್ಳಬೇಡಿ. ಯಾರ್ಡ್ ಸಾಕುತ್ತಿದ್ದಷ್ಟು ಮನೆಗಳನ್ನು ಒಂದು ಆನೆ ಸಾಕಲಾರದು. ಆಡಿದ್ದೆಲ್ಲ ಗೆದ್ದದ್ದೂ ಇಲ್ಲ. ಕೊಂಬೆಗಳ ಮೇಲೆ ಜನ ಓಡಾಡಬಹುದಾದ ಉಕ್ಕಿನ ಒಂದು ಮಹಾ ಮರ ಕಟ್ಟುವ ಯೋಜನೆ ಇತ್ತು. ಖರ್ಚು ಏರುತ್ತಲೇ ಹೋಯಿತು ಅಂತ 2022ರಲ್ಲಿ ಕೈಬಿಟ್ಟರು.

ದ್ವೀಪದ ತುದಿಗೆ ನಡೆದರೆ ಬಾಳೆಹಣ್ಣಿನ ಗೋದಾಮು. ವಸಾಹತುಗಳಿಂದ ಹಡಗಿನಲ್ಲಿ ಬಂದ ಕಾಯಿಯನ್ನು ಇಲ್ಲಿ ಹಣ್ಣು ಮಾಡುತ್ತಿದ್ದರು. ಈಗ ಬಾರು, ಹೋಟೆಲು, ಒಂದು ಕಲಾ ಗ್ಯಾಲರಿ. ಎದುರಿಗೆ ನದಿಯಂಚಿನ ಉದ್ದಕ್ಕೂ ದಾನಿಯೆಲ್ ಬ್ಯೂರೆನ್ ಮತ್ತು ಪ್ಯಾಟ್ರಿಕ್ ಬೂಶಾಂ ನಿಲ್ಲಿಸಿದ 18 ಉಂಗುರಗಳು, ರಾತ್ರಿ ಬಣ್ಣದ ಬೆಳಕಿನಲ್ಲಿ ಹೊಳೆಯುತ್ತವೆ. ಸೆಲ್ಫಿಗೆ ಒಳ್ಳೆಯ ಜಾಗ. ಆದರೆ ಎಷ್ಟೋ ಜನರಿಗೆ ಅವು ಕೈಕೋಳದ ಹಾಗೆ ಕಾಣುತ್ತವೆ. ನನಗೂ ಹಾಗೇ ಕಂಡಿತು.

ಯಾಕೆಂದರೆ ಫ್ರಾನ್ಸಿನಲ್ಲಿ ಗುಲಾಮರ ವ್ಯಾಪಾರದ ಅತಿ ದೊಡ್ಡ ಬಂದರು ಇದೇ ನಾಂತ್. 1998ರಲ್ಲಿ, ಗುಲಾಮಗಿರಿ ರದ್ದಾಗಿ 150 ವರ್ಷ ಆಯಿತು ಅಂತ ದಡದಲ್ಲಿ ಒಂದು ಪ್ರತಿಮೆ ಇಟ್ಟರು. ಕೆಲವೇ ದಿನಗಳಲ್ಲಿ ಯಾರೋ ಅದನ್ನು ಹಾಳುಮಾಡಿದರು. ಊರು ಹಿಂದೆ ಸರಿಯಲಿಲ್ಲ. 2012ರಲ್ಲಿ ದ್ವೀಪದ ಎದುರಿನ ಅದೇ ದಡದಲ್ಲಿ ದೊಡ್ಡ ಸ್ಮಾರಕವೇ ತೆರೆಯಿತು. ನಡೆಯುವ ನೆಲದಲ್ಲಿ 2,000 ಗಾಜಿನ ಫಲಕ ಹುದುಗಿಸಿದ್ದಾರೆ. ಹೆಚ್ಚಿನವುಗಳ ಮೇಲೆ ಇಲ್ಲಿಂದ ಹೊರಟ ಹಡಗಿನ ಹೆಸರು, ಹೊರಟ ವರ್ಷ. ಮೊದಲು ಕಾಲು ಎತ್ತಿ ಎತ್ತಿ ಇಟ್ಟೆ, ಹೆಸರು ತುಳಿಯಬಾರದು ಅಂತ. ಆಮೇಲೆ ನೆನಪಾಯಿತು, ಇವು ಸತ್ತವರ ಹೆಸರಲ್ಲ. ಅವರನ್ನು ಹೊತ್ತ ಹಡಗುಗಳ ಹೆಸರು. ಸತ್ತವರ ಹೆಸರನ್ನು ಯಾರೂ ಬರೆದಿಡಲೇ ಇಲ್ಲ.

ಆ ಹಡಗುಗಳು ಆಫ್ರಿಕಾಕ್ಕೆ ಹೋಗುವಾಗ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ನಮ್ಮ ದೇಶದ ಹತ್ತಿ ಬಟ್ಟೆ ಅದರಲ್ಲಿ ಇರುತ್ತಿತ್ತು. ಅಚ್ಚಿನ ಬಟ್ಟೆಗೆ ಫ್ರೆಂಚರು ‘ಇಂಡಿಯನ್’ ಅಂತಲೇ ಹೆಸರಿಟ್ಟಿದ್ದರು. ಅದನ್ನು ನಕಲು ಮಾಡುವ ಕಾರ್ಖಾನೆಗಳು ನಾಂತ್‌ನಲ್ಲೇ ಎದ್ದವು. ಜೊತೆಗೆ ಕವಡೆ. ಮಾಲ್ಡೀವ್ಸ್ ಕಡೆಯಿಂದ ಯುರೋಪಿಗೆ ಹೋಗಿ, ಅಲ್ಲಿಂದ ಆಫ್ರಿಕಾದ ಕರಾವಳಿಗೆ. ಅಲ್ಲಿ ಅದು ದುಡ್ಡು. ಕವಡೆ ಕಾಸಿನ ಕಿಮ್ಮತ್ತಿಲ್ಲ ಅಂತ ನಾವು ದಿನಾ ಹೇಳ್ತೀವಿ, ಅಲ್ವಾ? ಆ ಕವಡೆ ಎಣಿಸಿ ಮನುಷ್ಯರನ್ನು ಕೊಂಡರು.

ಸ್ಮಾರಕದಿಂದ ಮೇಲೆ ಬಂದಾಗ ಸಂಜೆಯಾಗಿತ್ತು. ನದಿಯ ಆಚೆ ಹಳದಿ ಕ್ರೇನು ಕಾಣುತ್ತಿತ್ತು. ದಡದಿಂದ ಟ್ರಾಮಿನ ಗಂಟೆ ಕೇಳಿಸಿತು. ಓಡಿ ಹೋಗಿ ಹತ್ತಿದೆ.

ನನ್ನ ಫೋನಿನಲ್ಲಿ ಆನೆ ನೀರು ಹಾರಿಸುವ ವಿಡಿಯೊ ಇದೆ. ಪ್ರಶ್ನೆಗಳಿಗೆ ಮೊದಲು ಅದನ್ನು ಹಾಕ್ತೀನಿ. ಕೊನೆಯಲ್ಲಿ ಚಿತ್ರ ಅಲುಗಾಡುತ್ತದೆ, ಅಷ್ಟೊತ್ತಿಗೆ ನೀರು ನನ್ನ ಮೇಲೇ ಬಿದ್ದಿತ್ತು.