ಹೊಸ ಎನ್‌ವಿಡಿಯಾ ಡ್ರೈವರ್ ಹಾಕಿದ ಮೇಲೆ ಮಾನಿಟರ್ ಯಾಕೆ ಹೋಯ್ತು?

[ನೇರ ಕ್ಯಾಮೆರಾಗೆ. ಹಿಂದೆ ಮಳೆ ಸದ್ದು ಇದ್ದರೆ ಇರಲಿ, ತೆಗೆಯುವುದು ಬೇಡ]

ನಮಸ್ಕಾರ, ಮಡಿಕೇರಿಯಿಂದ.

ಗೋಣಿಕೊಪ್ಪದ ಒಬ್ಬರು ವೀಕ್ಷಕರು ಒಂದು ಪ್ರಶ್ನೆ ಕಳಿಸಿದ್ದಾರೆ. ಓದುತ್ತೇನೆ ಕೇಳಿ. "ಸರ್, ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಇದೆ. ಎನ್‌ವಿಡಿಯಾ ಡ್ರೈವರ್ ಚೆನ್ನಾಗೇ ಓಡುತ್ತಿತ್ತು. ಬ್ಲೆಂಡರ್ ಕೆಲಸಕ್ಕೆ ಹೊಸ ವರ್ಷನ್ ಬೇಕಿತ್ತು, ಪಿಪಿಎ ಸೇರಿಸಿ ಹಾಕಿದೆ. ಒಂದು ಎರರ್ ಕೂಡ ಬರಲಿಲ್ಲ. ರೀಸ್ಟಾರ್ಟ್ ಮಾಡಿದ ಮೇಲೆ ಎಚ್‌ಡಿಎಂಐ ಮಾನಿಟರ್ ಬರುತ್ತಲೇ ಇಲ್ಲ. ಹಳೆಯದು ಸುಮ್ನೆ ಓಡುತ್ತಿತ್ತಲ್ಲ, ಹೊಸದಕ್ಕೆ ಏನು ಬಂತು?"

ತುಂಬಾ ಒಳ್ಳೆಯ ಪ್ರಶ್ನೆ. ಹೊಸಬರಿಗೆ ಒಂದು ಮಾತು: ಉಬುಂಟು ಅಂದರೆ ವಿಂಡೋಸ್ ತರಹದ ಒಂದು ಆಪರೇಟಿಂಗ್ ಸಿಸ್ಟಂ, ಲಿನಕ್ಸ್‌ನ ಒಂದು ಬಗೆ. ಬ್ಲೆಂಡರ್ 3ಡಿ ಚಿತ್ರ ಮಾಡುವ ಸಾಫ್ಟ್‌ವೇರ್. ಪಿಪಿಎ ಅಂದರೆ ಉಬುಂಟುವಿನ ಮುಖ್ಯ ಭಂಡಾರದ ಹೊರಗಿರುವ ಸಾಫ್ಟ್‌ವೇರ್ ಭಂಡಾರ. ಡ್ರೈವರ್ ಅಂದರೆ ಗ್ರಾಫಿಕ್ಸ್ ಕಾರ್ಡ್ ಓಡಿಸುವ ಸಾಫ್ಟ್‌ವೇರ್. ಅದೇ ಕಾರ್ಡ್, ಅದೇ ಲ್ಯಾಪ್‌ಟಾಪ್, ಅದೇ ಕಂಪನಿಯ ಡ್ರೈವರ್. ಇನ್‌ಸ್ಟಾಲ್ ಕೂಡ ಸರಿಯಾಗಿ ಮುಗಿದಿದೆ. ಹಾಗಿದ್ದರೆ ಕೆಟ್ಟಿದ್ದು ಏನು? ನಿಜ ಹೇಳಬೇಕೆಂದರೆ ಏನೂ ಕೆಟ್ಟಿಲ್ಲ. ಡ್ರೈವರ್ ಡಿಸ್ಕ್‌ನಲ್ಲಿ ಸರಿಯಾಗೇ ಕೂತಿದೆ, ಅದನ್ನು ಒಳಗೆ ಬಿಟ್ಟಿಲ್ಲ ಅಷ್ಟೆ.

[ಸ್ಕ್ರೀನ್: ಟರ್ಮಿನಲ್]

ಬೇಸಿಕ್ಸ್ ಬೇಗ ಮುಗಿಸುತ್ತೇನೆ. ಡ್ರೈವರ್‌ನಲ್ಲಿ ಎರಡು ತುಂಡು ಇರುತ್ತವೆ. ಒಂದು ಕರ್ನಲ್ ಒಳಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನ ಒಳಗೆ, ಸೇರುವ ಮಾಡ್ಯೂಲ್. ಇನ್ನೊಂದು ಹೊರಗಿರುವ ಲೈಬ್ರರಿಗಳು, ಬ್ಲೆಂಡರ್ ಆಗಲಿ ಗೇಮ್ ಆಗಲಿ ಮಾತಾಡುವುದು ಇವುಗಳ ಜೊತೆ. ಎಎಂಡಿ, ಇಂಟೆಲ್ ಕಾರ್ಡ್ ಇರುವವರಿಗೆ ಮಾಡ್ಯೂಲ್ ಕರ್ನಲ್ ಜೊತೆಗೇ ಬರುತ್ತದೆ, ನೀವು ಈ ವಿಡಿಯೋ ನೋಡದಿದ್ದರೂ ನಡೆಯುತ್ತದೆ. ಎನ್‌ವಿಡಿಯಾದ ಡ್ರೈವರ್ ಹೊರಗಿಂದ ಬಂದು ಸೇರಬೇಕು. ಕರ್ನಲ್‌ನಲ್ಲಿ ನೂವೋ ಅಂತ ಒಂದು ಓಪನ್ ಡ್ರೈವರ್ ಇದೆ, ರಿವರ್ಸ್ ಎಂಜಿನಿಯರಿಂಗ್ ಮಾಡಿ ಕಟ್ಟಿದ್ದು, ಆ ಕೆಲಸದ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಬ್ಲೆಂಡರ್‌ಗೆ ಬೇಕಾದ ಕುಡಾ, ಅಂದರೆ ಕಾರ್ಡ್‌ನಿಂದ ಲೆಕ್ಕ ಮಾಡಿಸುವ ಎನ್‌ವಿಡಿಯಾದ ವ್ಯವಸ್ಥೆ, ಅದರಲ್ಲಿ ಓಡುವುದಿಲ್ಲ.

ಇನ್ನೊಂದು ವಿಷಯ. ಒಂದು ಕರ್ನಲ್‌ಗೆ ಮಾಡಿದ ಮಾಡ್ಯೂಲ್ ಇನ್ನೊಂದು ಕರ್ನಲ್‌ಗೆ ಆಗುವುದಿಲ್ಲ. ಟರ್ಮಿನಲ್‌ನಲ್ಲಿ ಮೋಡ್‌ಇನ್ಫೋ ಎನ್‌ವಿಡಿಯಾ ಅಂತ ಹೊಡೆಯಿರಿ. ಬಂದ ಸಾಲುಗಳಲ್ಲಿ ವರ್‌ಮ್ಯಾಜಿಕ್ ಅಂತ ಒಂದಿದೆ, ಯಾವ ಕರ್ನಲ್‌ಗೋಸ್ಕರ ಈ ಮಾಡ್ಯೂಲ್ ಕಟ್ಟಿದ್ದು ಅಂತ ಅದರಲ್ಲೇ ಬರೆದಿರುತ್ತದೆ. ಲಿನಕ್ಸ್ ಕರ್ನಲ್ ಬರೆಯುವವರು ಒಳಗಿನ ವ್ಯವಸ್ಥೆಯನ್ನು ಯಾವಾಗ ಬೇಕಾದರೂ ಬದಲಾಯಿಸುತ್ತಾರೆ, ಹೊರಗಿನ ಡ್ರೈವರ್‌ಗಾಗಿ ಕಾಯುವುದಿಲ್ಲ. ಹಾಗಾಗಿ ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಮಾಡ್ಯೂಲ್ ಹೊಸದಾಗಿ ಕಟ್ಟಬೇಕು. ಅದನ್ನು ತಾನಾಗೇ ಮಾಡುವುದು ಡಿಕೆಎಂಎಸ್, ಡೆಲ್ ಕಂಪನಿಯವರು ಶುರು ಮಾಡಿದ್ದು.

ಈಗ ನಮ್ಮ ಪ್ರಶ್ನೆಗೆ ಬರೋಣ.

ಉಬುಂಟುವಿನ ಸ್ವಂತ ರೆಪೊಸಿಟರಿಯಿಂದ, ಅಂದರೆ ಅದರ ಮುಖ್ಯ ಭಂಡಾರದಿಂದ, ಡ್ರೈವರ್ ಹಾಕಿದರೆ ಮಾಡ್ಯೂಲ್ ಸಾಮಾನ್ಯವಾಗಿ ಕಟ್ಟಿದ್ದೇ ಸಿಗುತ್ತದೆ. ಉಬುಂಟು ಮಾಡುವ ಕೆನಾನಿಕಲ್ ಕಂಪನಿಯವರು ತಮ್ಮ ಸರ್ವರ್‌ನಲ್ಲಿ ಆಯಾ ಕರ್ನಲ್‌ಗೆ ತಕ್ಕಂತೆ ಕಟ್ಟಿ, ತಮ್ಮ ಡಿಜಿಟಲ್ ಸಹಿ ಹಾಕಿ ಕಳಿಸುತ್ತಾರೆ. ಪಿಪಿಎ ಕಥೆ ಬೇರೆ. ಅಲ್ಲಿಂದ ಬರುವುದು ಕಟ್ಟುವ ಸಾಮಾನು ಮಾತ್ರ, ಕಟ್ಟುವುದು ನಿಮ್ಮ ಲ್ಯಾಪ್‌ಟಾಪ್. ಆ ಸಹಿಯನ್ನೂ ನಿಮ್ಮ ಲ್ಯಾಪ್‌ಟಾಪೇ ಹಾಕುತ್ತದೆ, ಅದಕ್ಕೆಂದೇ ಒಂದು ಕೀ ಹುಟ್ಟಿಸಿಕೊಂಡು. ಸೆಕ್ಯೂರ್ ಬೂಟ್, ಅಂದರೆ ನಂಬಿದ ಸಹಿ ಇರುವ ಕೋಡ್ ಮಾತ್ರ ಒಳಗೆ ಬಿಡುವ ವ್ಯವಸ್ಥೆ, ಆನ್ ಇದ್ದರೆ ಕರ್ನಲ್ ಕೇಳುತ್ತದೆ: ಈ ಸಹಿ ಯಾರದ್ದು? ಕೆನಾನಿಕಲ್‌ದು ಅದಕ್ಕೆ ಗೊತ್ತು. ನಿಮ್ಮದು ಗೊತ್ತಿಲ್ಲ.

[ಸ್ಕ್ರೀನ್: ಸುಡೊ ಮೋಡ್‌ಪ್ರೋಬ್ ಎನ್‌ವಿಡಿಯಾ, ಕೆಳಗೆ ಬಂದ ಎರರ್]

ನೋಡಿ, ಕೈಯಾರೆ ಲೋಡ್ ಮಾಡಿದರೆ "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್" ಅಂತ ಬರುತ್ತದೆ. ಡ್ರೈವರ್ ಹಾಳಾಗಿದ್ದರೆ ಈ ಸಾಲು ಬರುವುದಿಲ್ಲ, ಕೀ ಒಪ್ಪಿಗೆ ಆಗಿಲ್ಲ ಅಂತ ಮಾತ್ರ ಇದರ ಅರ್ಥ. ಕಾರ್ಡ್‌ನ ಸ್ಥಿತಿ ತೋರಿಸುವ ಎನ್‌ವಿಡಿಯಾ-ಎಸ್‌ಎಂಐ ಕಮಾಂಡ್ ಹೊಡೆದರೆ ಡ್ರೈವರ್ ಜೊತೆ ಮಾತಾಡಲು ಆಗಲಿಲ್ಲ ಅನ್ನುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್‌ನ ವೈರ್ ಹೋಗುವುದು ನೇರ ಎನ್‌ವಿಡಿಯಾ ಚಿಪ್‌ಗೆ. ಮಾಡ್ಯೂಲ್ ಇಲ್ಲ ಅಂದರೆ ಆ ಪೋರ್ಟ್ ಕೂಡ ಇಲ್ಲ. ಲ್ಯಾಪ್‌ಟಾಪಿನ ಸ್ವಂತ ಸ್ಕ್ರೀನ್ ಸಾಮಾನ್ಯವಾಗಿ ಪ್ರೊಸೆಸರ್‌ನಲ್ಲೇ ಇರುವ ಇಂಟೆಲ್ ಗ್ರಾಫಿಕ್ಸ್ ಮೇಲೆ ಓಡುತ್ತಿರುತ್ತದೆ, ಹಾಗಾಗಿ ಉಳಿದದ್ದೆಲ್ಲ ಸರಿ ಇದೆ ಅಂತ ಕಾಣುತ್ತದೆ.

ಈ ವಿಡಿಯೋ ಮಾಡಲು ನಿಜವಾದ ಕಾರಣ ಈಗ ಬರುವ ಭಾಗ. ನನಗೆ ಬಹಳ ಇಷ್ಟವಾದ ವಿಷಯ.

[ಸ್ಕ್ರೀನ್: ನೀಲಿ ಪರದೆಯ ಫೋಟೊ, ಮೊಬೈಲ್‌ನಲ್ಲಿ ತೆಗೆದದ್ದು. ಸ್ವಲ್ಪ ಹೊತ್ತು ಹಾಗೇ ಬಿಡಿ]

ಪಿಪಿಎ ಡ್ರೈವರ್ ಹಾಕುವಾಗ ಮಧ್ಯದಲ್ಲಿ ಒಂದು ಪಾಸ್‌ವರ್ಡ್ ಕೇಳಿರುತ್ತದೆ. ಕನಿಷ್ಠ 8 ಅಕ್ಷರ ಇರಬೇಕು ಅನ್ನುತ್ತದೆ. ಎಲ್ಲರೂ ಏನೋ ಒಂದು ಹೊಡೆದು ಮುಂದೆ ಹೋಗುತ್ತಾರೆ. ರೀಸ್ಟಾರ್ಟ್ ಆದಾಗ ಉಬುಂಟು ಬರುವ ಮೊದಲೇ ಈ ನೀಲಿ ಪರದೆ ಬರುತ್ತದೆ, "ಪರ್ಫಾರ್ಮ್ ಮಾಕ್ ಮ್ಯಾನೇಜ್‌ಮೆಂಟ್" ಅಂತ. ಮಾಕ್ ಅಂದರೆ ಮೆಷಿನ್ ಓನರ್ ಕೀ, ಮೆಷಿನ್‌ನ ಯಜಮಾನರು ಒಪ್ಪಿದ ಕೀ. ಹತ್ತು ಸೆಕೆಂಡ್ ಕಾಯುತ್ತದೆ. ಕೀಬೋರ್ಡಿನ ಯಾವ ಕೀಯನ್ನೂ ಒತ್ತದಿದ್ದರೆ ಸುಮ್ಮನೆ ಮುಂದೆ ಹೋಗಿ ಉಬುಂಟು ತೆರೆಯುತ್ತದೆ, ಮತ್ತೆ ಕೇಳುವುದೂ ಇಲ್ಲ. ರೀಸ್ಟಾರ್ಟ್ ಒತ್ತಿ ಕಾಫಿ ತರಲು ಎದ್ದು ಹೋದವರಿಗೆ ಹೀಗೊಂದು ಪರದೆ ಬಂದಿತ್ತು ಅಂತಲೇ ಗೊತ್ತಾಗುವುದಿಲ್ಲ.

ಇದನ್ನು ಯಾಕೆ ಹೀಗೆ ಮಾಡಿದ್ದಾರೆ? ನಾವು ಸುಡೊ ಕೊಟ್ಟಿದ್ದೇವೆ, ನಮ್ಮ ಪಾಸ್‌ವರ್ಡ್ ಹೊಡೆದು ರೂಟ್ ಅನ್ನುವ ಪೂರ್ಣ ಅಧಿಕಾರ ಪಡೆದಿದ್ದೇವೆ, ಮೆಷಿನ್ ನಮ್ಮದು. ಆಗಲೇ ಕೀ ಸೇರಿಸಬಹುದಿತ್ತಲ್ವಾ?

ಸೇರಿಸಲು ಆಗುವುದಿಲ್ಲ, ಅದೇ ಇದರ ಸೊಗಸು. ನಂಬಬೇಕಾದ ಕೀಗಳ ಪಟ್ಟಿ ಮದರ್‌ಬೋರ್ಡ್‌ನ ಮೆಮೊರಿಯಲ್ಲಿ ಇರುತ್ತದೆ, ಹೆಸರು ಮಾಕ್‌ಲಿಸ್ಟ್. ಆ ಪಟ್ಟಿಗೆ ಕೈ ಹಾಕಲು ಆಗುವುದು ಬೂಟ್ ನಡೆಯುತ್ತಿರುವ ಕೆಲವು ಕ್ಷಣಗಳಲ್ಲಿ ಮಾತ್ರ. ಆಪರೇಟಿಂಗ್ ಸಿಸ್ಟಂ ಎದ್ದ ಮೇಲೆ ಅದರ ನಕಲು ಓದಲು ಸಿಗುತ್ತದೆ, ಅಸಲು ಪಟ್ಟಿ ಮುಟ್ಟಲು ರೂಟ್‌ಗೂ ಆಗುವುದಿಲ್ಲ. ಉಬುಂಟು ಮಾಡಬಹುದಾದದ್ದು ಒಂದೇ, "ಈ ಕೀ ಸೇರಿಸಿ" ಅಂತ ಒಂದು ಅರ್ಜಿ ಬರೆದಿಟ್ಟು ಹೋಗುವುದು. ಮುಂದಿನ ಬೂಟ್‌ನಲ್ಲಿ ಶಿಮ್ ಅನ್ನುವ ಪುಟ್ಟ ಪ್ರೋಗ್ರಾಂ ಆ ಅರ್ಜಿ ನೋಡಿ ನೀಲಿ ಪರದೆ ತೆರೆಸುತ್ತದೆ.

ತೋಟದ ಗೇಟ್ ಇದ್ದ ಹಾಗೆ. ಹೊಸ ಲಾರಿ ಬಂದಿದೆ, ಯಜಮಾನರೇ ಕಳಿಸಿದ್ದು ಅಂತ ಡ್ರೈವರ್ ಹೇಳುತ್ತಾನೆ, ಚೀಟಿಯನ್ನೂ ತೋರಿಸುತ್ತಾನೆ. ಚೀಟಿ ಯಾರು ಬೇಕಾದರೂ ಬರೆಯಬಹುದು. ಒಳ್ಳೆಯ ವಾಚ್‌ಮನ್ ಆದರೆ ಯಜಮಾನರು ಗೇಟಿಗೇ ಬಂದು ನಿಂತು ಹೇಳಲಿ ಅನ್ನುತ್ತಾನೆ. ಅವರು ಬಂದು ಚೀಟಿಯಲ್ಲಿರುವ ಗುರುತಿನ ಮಾತು ಹೇಳಿದರೆ ಮಾತ್ರ ಲಾರಿ ನಂಬರ್ ರಿಜಿಸ್ಟರ್‌ಗೆ ಹತ್ತುತ್ತದೆ. ಆಮೇಲೆ ಆ ಲಾರಿ ದಿನಾ ಬಂದರೂ ಕೇಳುವುದಿಲ್ಲ. ಇಲ್ಲಿ ಕೂಡ ಅಷ್ಟೇ. ದೂರದಲ್ಲಿ ಕೂತು ನಿಮ್ಮ ಮೆಷಿನ್‌ಗೆ ನುಗ್ಗಿದವನು ರೂಟ್ ಆದರೂ ಚೀಟಿ ಬರೆಯಬಹುದು, ನಿಮ್ಮ ಮೇಜಿನ ಮುಂದೆ ಕೂತು ಕೀಬೋರ್ಡ್ ಒತ್ತಲು ಅವನಿಂದ ಆಗುವುದಿಲ್ಲ. ಈ ಪಟ್ಟಿಯ ಐಡಿಯಾ 2012ರಲ್ಲಿ ಸೂಸೆ ಲಿನಕ್ಸ್‌ನವರು ಕೊಟ್ಟದ್ದು. ವಿಂಡೋಸ್ 8ರ ಜೊತೆ ಸೆಕ್ಯೂರ್ ಬೂಟ್ ಬಂದು, ಲಿನಕ್ಸ್ ಕಥೆ ಮುಗಿಯಿತು ಅಂತ ಜನ ಹೆದರಿದ್ದ ಕಾಲ ಅದು. ಮೆಷಿನ್ ಕೊಂಡವರ ಕೈಗೇ ಅಧಿಕಾರ ಉಳಿಸಿದರಲ್ಲ, ಅದಕ್ಕೆ ನಾನು ಅವರಿಗೆ ಕೈ ಮುಗಿಯುತ್ತೇನೆ.

[ಸ್ಕ್ರೀನ್: ಹಂತ ಹಂತವಾಗಿ]

ಈಗ ಸರಿ ಮಾಡೋಣ. ಮೊದಲು ಮಾಕ್‌ಯುಟಿಲ್ ಎಸ್‌ಬಿ-ಸ್ಟೇಟ್ ಕಮಾಂಡ್ ಕೊಟ್ಟು ಸೆಕ್ಯೂರ್ ಬೂಟ್ ಆನ್ ಇದೆಯಾ ನೋಡಿ. ಆನ್ ಇದ್ದರೆ ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ, ಅದರ ಮುಂದೆ ಎನ್‌ರೋಲ್-ಕೀ. ಪಾಸ್‌ವರ್ಡ್ ಕೇಳುತ್ತದೆ. ಇದು ಒಂದೇ ಸಲದ ಬಳಕೆಗೆ, ಸುಲಭದ್ದು ಇಡಿ, ಬರೀ ಸಣ್ಣ ಇಂಗ್ಲಿಷ್ ಅಕ್ಷರ ಮತ್ತು ಅಂಕಿ. ನೀಲಿ ಪರದೆಯಲ್ಲಿ ಕೀಬೋರ್ಡ್ ಅಮೆರಿಕನ್ ಲೇಔಟ್‌ನಲ್ಲಿ ಇರುತ್ತದೆ, ವಿಶೇಷ ಚಿಹ್ನೆ ಹಾಕಿದರೆ ಕೆಲವರಿಗೆ ಅಲ್ಲೇ ತಪ್ಪುತ್ತದೆ. ರೀಸ್ಟಾರ್ಟ್ ಮಾಡಿ, ಮೆಷಿನ್ ಮುಂದೆಯೇ ಕೂತಿರಿ. ನೀಲಿ ಪರದೆ ಬಂದ ತಕ್ಷಣ ಯಾವುದಾದರೂ ಕೀ ಒತ್ತಿ. ಮೆನುವಿನ ಮೊದಲ ಸಾಲು "ಕಂಟಿನ್ಯೂ ಬೂಟ್", ಅದನ್ನು ಒತ್ತಬೇಡಿ. ಎರಡನೆಯದು "ಎನ್‌ರೋಲ್ ಮಾಕ್", ಅದು ನಮಗೆ ಬೇಕಾದದ್ದು. ಆಮೇಲೆ ಕಂಟಿನ್ಯೂ, ಯೆಸ್, ಪಾಸ್‌ವರ್ಡ್. ಟೈಪ್ ಮಾಡುವಾಗ ಏನೂ ಕಾಣದಿದ್ದರೆ ಗಾಬರಿ ಬೇಡ. ಕೊನೆಗೆ ರೀಬೂಟ್. ಎನ್‌ವಿಡಿಯಾ-ಎಸ್‌ಎಂಐ ಹೊಡೆಯಿರಿ, ಕಾರ್ಡ್ ಹೆಸರು ಮತ್ತು ಡ್ರೈವರ್ ನಂಬರ್ ಇರುವ ಪಟ್ಟಿ ಬಂತು ಅಂದರೆ ಮುಗಿಯಿತು.

ಸೆಕ್ಯೂರ್ ಬೂಟ್ ಆಫ್ ಮಾಡಿಬಿಡಿ ಅಂತ ಸಲಹೆ ಕೊಡುವವರು ಬಹಳ ಜನ. ಆಫ್ ಮಾಡಿದರೂ ಡ್ರೈವರ್ ಓಡುತ್ತದೆ, ಸುಳ್ಳಲ್ಲ. ಆದರೆ ಅದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇದ್ದು, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ವಿಂಡೋಸ್ ರಿಕವರಿ ಕೀ ಕೇಳಬಹುದು. ಆ ಕೀ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ನಿಮ್ಮ ಫೋಟೊ, ಪ್ರಾಜೆಕ್ಟ್ ಎಲ್ಲ ಒಳಗೇ ಉಳಿಯುತ್ತವೆ. ನೀಲಿ ಪರದೆಯ ಕೆಲಸ ಎರಡು ನಿಮಿಷದ್ದು. ಅದನ್ನೇ ಮಾಡಿ ಅನ್ನುತ್ತೇನೆ.

ಇನ್ನು ನಮ್ಮ ಕೊಡಗಿನವರಿಗೆ ಅಂತಲೇ ಒಂದು ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ಮರ ಬಿದ್ದು ಲೈನ್ ಯಾವಾಗ ಕಟ್ ಆಗುತ್ತದೆ ಹೇಳಲು ಬರುವುದಿಲ್ಲ. ಡ್ರೈವರ್ ಚಿಕ್ಕ ಡೌನ್‌ಲೋಡ್ ಅಲ್ಲ, ನೂರಾರು ಎಂಬಿ. ಅದಕ್ಕೆ ಎರಡು ಕೆಲಸವನ್ನು ಬೇರೆ ಬೇರೆ ಮಾಡಿ. ಎಪಿಟಿ ಇನ್‌ಸ್ಟಾಲ್ ಕಮಾಂಡ್‌ಗೆ ಡೌನ್‌ಲೋಡ್-ಓನ್ಲಿ ಅಂತ ಸೇರಿಸಿದರೆ ಫೈಲ್‌ಗಳು ಬಂದು ಕೂರುತ್ತವೆ, ಸಿಸ್ಟಂನಲ್ಲಿ ಏನೂ ಬದಲಾಗುವುದಿಲ್ಲ. ನೆಟ್‌ವರ್ಕ್ ಚೆನ್ನಾಗಿರುವ ಹೊತ್ತಲ್ಲಿ, ಕುಶಾಲನಗರ ಕಡೆ ಹೋದಾಗಲೋ ರಾತ್ರಿಯೋ ಇದನ್ನು ಮುಗಿಸಿ. ಬ್ಯಾಟರಿ ಫುಲ್ ಆದ ಮೇಲೆ ಇನ್‌ಸ್ಟಾಲ್ ಮಾಡಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ಹಳೆಯ ಮೆಷಿನ್‌ನಲ್ಲಿ ಮಾಡ್ಯೂಲ್ ಕಟ್ಟಲು ಸುಮಾರು ಹೊತ್ತು ಹಿಡಿಯುತ್ತದೆ, ಮಧ್ಯದಲ್ಲಿ ಕರೆಂಟ್ ಹೋದರೆ ಅರ್ಧಂಬರ್ಧ ಆಗುತ್ತದೆ. ಆದರೂ ಹೆದರಬೇಡಿ: ಸುಡೊ ಡಿಪಿಕೆಜಿ, ಕಾನ್ಫಿಗರ್, ಎ. ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಕಟ್ಟಿ ಮುಗಿದಿದೆಯಾ ಅಂತ ಡಿಕೆಎಂಎಸ್ ಸ್ಟೇಟಸ್ ಹೇಳುತ್ತದೆ.

[ಸ್ಕ್ರೀನ್: ಕಾರ್ಡ್‌ಗಳು ಮತ್ತು ಡ್ರೈವರ್ ನಂಬರ್]

ಸಮಯ ಜಾಸ್ತಿ ಆಗುತ್ತಿದೆ, ಉಳಿದದ್ದು ಓಡೋಡುತ್ತಾ ಹೇಳುತ್ತೇನೆ.

ಎಲ್ಲ ಕಾರ್ಡ್‌ಗೂ ಅತಿ ಹೊಸ ಡ್ರೈವರ್ ಆಗುವುದಿಲ್ಲ. ಜಿಟಿಎಕ್ಸ್ 1050, 1060 ತರಹದ ಪಾಸ್ಕಲ್ ಪೀಳಿಗೆಯ ಕಾರ್ಡ್, ಅದಕ್ಕಿಂತ ಹಿಂದಿನ ಮ್ಯಾಕ್ಸ್‌ವೆಲ್ ಕಾರ್ಡ್ ಇದ್ದರೆ 580 ಸರಣಿಯೇ ಕೊನೆ. ಇನ್ನೂ ಹಿಂದಿನ ಕೆಪ್ಲರ್ ಆದರೆ 470. ಇನ್ನೂ ಗಟ್ಟಿಯಾಗಿರುವ ಕಾರ್ಡ್‌ಗಳನ್ನು ಕಂಪನಿ ಹೀಗೆ ಕೈಬಿಡುವುದು ನನಗೆ ಬೇಸರದ ವಿಷಯ. ನಮ್ಮಲ್ಲಿ ಮಕ್ಕಳ ಓದಿಗೆ ಅಂತ ಕೊಳ್ಳುವ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಇಂಥವೇ ಎಷ್ಟೋ ಇರುತ್ತವೆ.

ಪ್ಯಾಕೇಜ್ ಹೆಸರಿನ ಕೊನೆಗೆ ಓಪನ್ ಅಂತ ಇರುವುದೂ ಸಿಗುತ್ತದೆ. 2012ರಲ್ಲಿ ಫಿನ್ಲೆಂಡ್‌ನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಲಿನಕ್ಸ್ ಕರ್ನಲ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಎನ್‌ವಿಡಿಯಾಗೆ ನಡುಬೆರಳು ತೋರಿಸಿದ್ದರು ಅಲ್ವಾ, ಅದಾಗಿ ಹತ್ತು ವರ್ಷಕ್ಕೆ, 2022ರ ಮೇ ತಿಂಗಳಲ್ಲಿ, ಕಂಪನಿ ಕರ್ನಲ್ ಮಾಡ್ಯೂಲ್‌ನ ಕೋಡ್ ಬಿಟ್ಟುಕೊಟ್ಟಿತು. ಹೊರಗಿನ ಲೈಬ್ರರಿಗಳು, ಚಿಪ್‌ನ ಫರ್ಮ್‌ವೇರ್ ಇನ್ನೂ ಮುಚ್ಚಿಯೇ ಇವೆ. ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಮತ್ತು ಆಮೇಲಿನವಕ್ಕೆ ಓಪನ್ ಹಾಕಿ. ಆರ್‌ಟಿಎಕ್ಸ್ 50ಕ್ಕೆ ಓಪನ್ ಬಿಟ್ಟರೆ ಬೇರೆ ಆಗುವುದೇ ಇಲ್ಲ. ಪಾಸ್ಕಲ್‌ಗೆ ಓಪನ್ ಹಾಕಿದರೆ ಅದು ಓಡುವುದಿಲ್ಲ.

ಪಿಪಿಎ ಸೇರಿಸುವ ಮೊದಲು ಉಬುಂಟು-ಡ್ರೈವರ್ಸ್ ಲಿಸ್ಟ್ ನೋಡಿ, ನಿಮಗೆ ಬೇಕಾದ ವರ್ಷನ್ ಅಲ್ಲೇ ಇದ್ದರೂ ಇರಬಹುದು, ಆಗ ನೀಲಿ ಪರದೆಯ ಕೆಲಸವೇ ಬರದೆ ಹೋಗಬಹುದು. ಎನ್‌ವಿಡಿಯಾ ಸೈಟ್‌ನ ರನ್ ಫೈಲ್ ಹಾಕಬೇಡಿ, ಪ್ಯಾಕೇಜ್ ಡ್ರೈವರ್ ಇರುವ ಮೆಷಿನ್ ಮೇಲೆ ಅದನ್ನು ಹಾಕಿದರೆ ಎರಡೂ ಒಂದರ ಫೈಲ್ ಮೇಲೆ ಒಂದು ಬರೆದು ಬಿಡಿಸುವುದೇ ಕಷ್ಟ. ಉಬುಂಟು ಬದಲು ಫೆಡೋರಾ ಲಿನಕ್ಸ್ ಬಳಸುವವರು ಆರ್‌ಪಿಎಂ ಫ್ಯೂಷನ್ ಅನ್ನುವ ಭಂಡಾರದಿಂದ ಎಕೆಮಾಡ್-ಎನ್‌ವಿಡಿಯಾ ಹಾಕಿ, ಇನ್‌ಸ್ಟಾಲ್ ಮುಗಿದ ಕೂಡಲೇ ರೀಸ್ಟಾರ್ಟ್ ಮಾಡಬೇಡಿ, ಹಿಂದೆ ಮಾಡ್ಯೂಲ್ ಕಟ್ಟುವುದು ಇನ್ನೂ ನಡೆಯುತ್ತಿರುತ್ತದೆ, ಐದು ನಿಮಿಷ ಬಿಡಿ. ಡೆಬಿಯನ್ ಲಿನಕ್ಸ್‌ನವರು ಭಂಡಾರದ ನಾನ್-ಫ್ರೀ ವಿಭಾಗ ಆನ್ ಮಾಡಿಕೊಳ್ಳಿ, ಮಾಡ್ಯೂಲ್ ಕಟ್ಟಲು ಬೇಕಾದ ಕರ್ನಲ್ ಹೆಡರ್ಸ್ ಮರೆಯಬೇಡಿ. ಎನ್‌ವಿಡಿಯಾ-ಎಸ್‌ಎಂಐ "ವರ್ಷನ್ ಮಿಸ್‌ಮ್ಯಾಚ್" ಅಂದರೆ ಲೈಬ್ರರಿ ಹೊಸದಾಗಿದೆ, ಮೆಮೊರಿಯಲ್ಲಿ ಹಳೆ ಮಾಡ್ಯೂಲ್ ಕೂತಿದೆ ಅಂತ ಅರ್ಥ, ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಪೂರ್ತಿ ಕಪ್ಪು ಸ್ಕ್ರೀನ್ ಬಂದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಟರ್ಮಿನಲ್‌ಗೆ ಹೋಗಿ, ಅದೂ ಬರದಿದ್ದರೆ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಆರಿಸಿ.

[ಮತ್ತೆ ಕ್ಯಾಮೆರಾಗೆ]

ಇಷ್ಟೆಲ್ಲ ಮಾಡಿಯೂ ಬರದಿದ್ದರೆ ಕೆಳಗೆ ಬರೆಯಿರಿ. ಬರೀ "ವರ್ಕ್ ಆಗ್ತಿಲ್ಲ" ಅಂತ ಹಾಕಿದರೆ ನನಗೆ ಏನೂ ತಿಳಿಯುವುದಿಲ್ಲ. ಕಾರ್ಡ್ ಮಾಡೆಲ್, ಡಿಕೆಎಂಎಸ್ ಸ್ಟೇಟಸ್, ಮಾಕ್‌ಯುಟಿಲ್ ಎಸ್‌ಬಿ-ಸ್ಟೇಟ್, ಮೋಡ್‌ಪ್ರೋಬ್ ಕೊಟ್ಟ ಎರರ್, ಈ ನಾಲ್ಕನ್ನು ಇದ್ದದ್ದು ಇದ್ದ ಹಾಗೇ ಕಾಪಿ ಮಾಡಿ ಹಾಕಿ. ನಾನು ನೋಡಿ ಉತ್ತರ ಬರೆಯುತ್ತೇನೆ.