ಪ್ಯಾಂಟಿಗೆ ಸುಂಕದ ರಕ್ಷಣೆ, ಹೊಲಿದವರಿಗೆ?

ಕೇಳುಗ ಬಂಧುಗಳೇ, ಎಲ್ಲರಿಗೂ ನಮಸ್ಕಾರ.

ಬಳ್ಳಾರಿ ಜೀನ್ಸ್ ಹೆಸರು ನಿಮಗೆಲ್ಲ ಗೊತ್ತು. ಆದರೆ ಒಂದು ಪ್ಯಾಂಟ್ ಅಂಗಡಿ ಸೇರುವ ಮುಂಚೆ ಎಷ್ಟು ಜನರ ಕೈ ದಾಟಿ ಬರುತ್ತದೆ ಅಂತ ಯೋಚನೆ ಮಾಡಿದ್ದೀರಾ? ಕಟಿಂಗ್ ಮಾಸ್ಟರ್ ಬಟ್ಟೆ ಕತ್ತರಿಸುತ್ತಾರೆ. ಒಬ್ಬರು ಜೇಬು ಹೊಲಿಯುತ್ತಾರೆ, ಇನ್ನೊಬ್ಬರು ಓವರ್‌ಲಾಕ್ ಹೊಡೆಯುತ್ತಾರೆ. ಕಾಜಾ ಮಾಡುವವರು ಬೇರೆ, ಗುಂಡಿ ಹಾಕುವವರು ಬೇರೆ. ಆಮೇಲೆ ವಾಷಿಂಗ್. ಜೊತೆಗೆ, ಮನೆಯಲ್ಲೇ ಕೂತು ಉಳಿದ ದಾರ ಕತ್ತರಿಸುವ ಹೆಣ್ಣುಮಕ್ಕಳು. ಕೂಲಿ ಹೆಚ್ಚಾಗಿ ಪೀಸಿನ ಲೆಕ್ಕ. ಆರ್ಡರ್ ಇಲ್ಲದ ವಾರ ದುಡ್ಡೂ ಇಲ್ಲ.

ಈ ಕಷ್ಟಕ್ಕೆ ಆಮದು ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ವಾಷಿಂಗ್‌ಗೆ ನೀರು ಬೇಕು, ಕರೆಂಟ್ ಬೇಕು, ಮಾರುಕಟ್ಟೆ ಬೇಕು. ಆದರೆ ಆಮದೂ ಒಂದು ಕಾರಣವೇ. 2011ರಲ್ಲಿ ನಮ್ಮ ದೇಶ ಬಾಂಗ್ಲಾದೇಶದ 46 ಬಗೆಯ ಜವಳಿ ಸರಕನ್ನು ಸುಂಕವಿಲ್ಲದೆ ಒಳಗೆ ಬಿಡಲು ಒಪ್ಪಿತು. 2025ರ ಮೇ ತಿಂಗಳಲ್ಲಿ ಅಲ್ಲಿನ ಸಿದ್ಧ ಉಡುಪು ಕೋಲ್ಕತ್ತ ಮತ್ತು ನ್ಹಾವಾ ಶೇವಾ ಬಂದರುಗಳ ಮೂಲಕ ಮಾತ್ರ ಬರಬೇಕು ಎಂದು ಬಿಗಿ ಮಾಡಿತು. ಒಮ್ಮೆ ಬಾಗಿಲು ತೆರೆದರು, ಒಮ್ಮೆ ಅರ್ಧ ಮುಚ್ಚಿದರು. ಎರಡೂ ಸರಕಿನ ಬಗ್ಗೆ ಆದ ತೀರ್ಮಾನ.

ಉದ್ದಿಮೆಯವರಿಗೆ ಒಂದು ದಾರಿ ಇದೆ. ಹೊರದೇಶದ ಮಾಲು ತೀರಾ ಅಗ್ಗಕ್ಕೆ ಬಂದೋ, ಒಮ್ಮೆಲೇ ರಾಶಿಗಟ್ಟಲೆ ಬಂದೋ ನಷ್ಟವಾದರೆ ದೆಹಲಿಯಲ್ಲಿ ಅರ್ಜಿ ಹಾಕಬಹುದು. ತನಿಖೆ ಆಗಿ, ಸುಂಕ ಬೀಳಬಹುದು. 2025ರ ಏಪ್ರಿಲ್‌ನಲ್ಲಿ ಕೆಲವು ಉಕ್ಕಿನ ಸರಕಿನ ಮೇಲೆ ಶೇ 12ರಷ್ಟು ತಾತ್ಕಾಲಿಕ ಸುಂಕ ಹಾಕಿದ್ದು ಹೀಗೆ. ಉಕ್ಕಿನ ಕಾರ್ಖಾನೆಯ ತೋರಣಗಲ್ಲು ನಮ್ಮ ಪಕ್ಕದಲ್ಲೇ ಇರುವಾಗ ಅದು ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಕೆಲಸ ಕಳೆದುಕೊಂಡ ಟೈಲರ್‌ಗೆ, "ಆಮದಿನಿಂದ ನನ್ನ ಕೆಲಸ ಹೋಯಿತು" ಎಂದು ಅರ್ಜಿ ಕೊಟ್ಟು ನೆರವು ಕೇಳುವ ಜಾಗ ಎಲ್ಲಿದೆ?

ಅಮೆರಿಕದಲ್ಲಿ ಅಂಥ ಒಂದು ಜಾಗ ಇತ್ತು. 1962ರಲ್ಲಿ ಅಧ್ಯಕ್ಷ ಕೆನಡಿ ಕಾಲದಲ್ಲಿ ಆ ಯೋಜನೆ ಶುರುವಾಯಿತು. ಸುಂಕ ಇಳಿಸಿದರೆ ಇಡೀ ದೇಶಕ್ಕೆ ಲಾಭ ಅನ್ನುವುದಾದರೆ, ಅದರ ನಷ್ಟವನ್ನು ಕೆಲವೇ ಕಾರ್ಮಿಕರ ತಲೆಗೆ ಕಟ್ಟಬಾರದು ಎಂಬುದು ಅದರ ಹಿಂದಿನ ಯೋಚನೆ. ಶುರುವಿನಲ್ಲಿ ಷರತ್ತು ಎಷ್ಟು ಬಿಗಿ ಇತ್ತೆಂದರೆ ವರ್ಷಗಟ್ಟಲೆ ಯಾರಿಗೂ ಅದು ದಕ್ಕಲಿಲ್ಲ. 1974ರ ಕಾಯ್ದೆ ಷರತ್ತು ಸಡಿಲಿಸಿತು.

ಅದರಲ್ಲಿ ನನಗೆ ತುಂಬಾ ಹಿಡಿಸಿದ ವಿಷಯ, ಮೂರು ಜನ ಕಾರ್ಮಿಕರು ಸೇರಿದರೆ ಸಾಕು, ಅವರೇ ಅರ್ಜಿ ಹಾಕಬಹುದಿತ್ತು. ಮಾಲೀಕರು ಹಾಕಲಿ ಅಂತ ಕಾಯಬೇಕಿರಲಿಲ್ಲ. ಸರ್ಕಾರ ಪರಿಶೀಲಿಸಿ ಒಪ್ಪಿದರೆ, ಹೊಸ ಕೆಲಸ ಕಲಿಯಲು ಖರ್ಚು, ಕಲಿಯುವಾಗ ಜೀವನಕ್ಕೆ ಭತ್ಯೆ, ಬೇರೆ ಊರಿಗೆ ಹೋಗಲು ನೆರವು. 2002ರಿಂದ 50 ದಾಟಿದವರಿಗೆ ಇನ್ನೊಂದು ಅನುಕೂಲ ಸೇರಿತು. ಹೊಸ ಕೆಲಸದಲ್ಲಿ ಸಂಬಳ ಕಡಿಮೆಯಾದರೆ, ಆ ಕಡಿಮೆಯಾದದ್ದರಲ್ಲಿ ಅರ್ಧವನ್ನು ಒಂದು ಮಿತಿಯೊಳಗೆ ಎರಡು ವರ್ಷದವರೆಗೆ ಸರ್ಕಾರ ಕೊಡುತ್ತಿತ್ತು. ನಮ್ಮ ಲೆಕ್ಕದಲ್ಲಿ ನೋಡೋಣ. 15 ಸಾವಿರ ದುಡಿಯುತ್ತಿದ್ದವರು 10 ಸಾವಿರದ ಕೆಲಸಕ್ಕೆ ಸೇರಿದರೆ, ತಿಂಗಳಿಗೆ ಎರಡೂವರೆ ಸಾವಿರ. ಆ ವಯಸ್ಸಿನಲ್ಲಿ ಹೊಸದು ಕಲಿ ಎಂದರೆ ಎಷ್ಟು ಕಷ್ಟ ಅಲ್ವಾ? ಅದನ್ನು ತಿಳಿದೇ ಮಾಡಿದ ನಿಯಮ ಇದು. 2022ರ ಜುಲೈ 1ರಿಂದ ಅಲ್ಲಿ ಹೊಸ ಅರ್ಜಿಗಳ ತೀರ್ಮಾನ ನಿಂತುಹೋಗಿದೆ. ಅಲ್ಲಿನ ಸಂಸತ್ತು ಅವಧಿ ಮುಂದುವರಿಸಲಿಲ್ಲ.

ನಮ್ಮಲ್ಲಿ ಏನಿದೆ? ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇದೆ. ಅದರಲ್ಲಿ ಕೆಲಸ ಹೋದವರಿಗಾಗಿ 2018ರಲ್ಲಿ ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಬಂತು. ಮೊದಲು ಸರಾಸರಿ ಸಂಬಳದ ಶೇ 25 ಇತ್ತು, 2020ರಲ್ಲಿ ಶೇ 50 ಮಾಡಿದರು. ಅದೂ 90 ದಿನಗಳವರೆಗೆ ಮಾತ್ರ. ಒಳ್ಳೆಯ ಯೋಜನೆ. ಆದರೆ ಇಎಸ್‌ಐ ಬರುವುದು 10 ಅಥವಾ ಜಾಸ್ತಿ ಜನ ಇರುವ ಕಡೆ, ಹೆಸರು ದಾಖಲಾದವರಿಗೆ. ಮನೆಯಲ್ಲಿ ಕೂತು ದಾರ ಕತ್ತರಿಸುವವರ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ? ಅಸಂಘಟಿತ ಕಾರ್ಮಿಕರ ಹೆಸರು ನೋಂದಾಯಿಸಿ ಕೊಡುವ ಇ-ಶ್ರಮ್ ಕಾರ್ಡ್ ಇರಬಹುದು. ಅದರಿಂದ ಕೆಲಸ ಹೋದಾಗ ಭತ್ಯೆ ಬರುವುದಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಆಮದು ಸುಂಕದಿಂದ ಸರ್ಕಾರಕ್ಕೆ ಬರುವ ಹಣದಲ್ಲಿ ಒಂದು ಪಾಲನ್ನು ಇಂಥ ಕಾರ್ಮಿಕರಿಗೆಂದೇ ಎತ್ತಿಡಲಿ. ಮೂರು ಜನ ಸೇರಿ ಕೊಟ್ಟ ಅರ್ಜಿಯನ್ನು ಬಳ್ಳಾರಿಯ ಕಾರ್ಮಿಕ ಇಲಾಖೆ ಕಚೇರಿಯಲ್ಲೇ ತೆಗೆದುಕೊಳ್ಳಲಿ, ದೆಹಲಿಗೆ ಅಲೆಸಬಾರದು. ಪೀಸಿನ ಲೆಕ್ಕದಲ್ಲಿ ದುಡಿಯುವವರಿಗೂ ಕೂಲಿ ಚೀಟಿ ಕಡ್ಡಾಯವಾಗಲಿ. ಚೀಟಿ ಇಲ್ಲದಿದ್ದರೆ ಉಳಿದದ್ದೆಲ್ಲ ಸುಮ್ನೆ ಮಾತು.

ನಿಮ್ಮ ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ ನಿಮ್ಮ ವಿಮಾ ಸಂಖ್ಯೆಯನ್ನು ಇವತ್ತೇ ಬರೆದಿಟ್ಟುಕೊಳ್ಳಿ. ಅದರ ಜೊತೆ ಆಧಾರ್, ಬ್ಯಾಂಕ್ ಖಾತೆ ಸೇರಿಸಿಕೊಳ್ಳಿ. ಕೆಲಸ ಹೋದರೆ, 2020ರ ಬದಲಾವಣೆಯ ಪ್ರಕಾರ, 30 ದಿನ ಕಳೆದ ಮೇಲೆ ನೀವೇ ನೇರವಾಗಿ ಇಎಸ್‌ಐ ಶಾಖಾ ಕಚೇರಿಗೆ ಅರ್ಜಿ ಕೊಡಬಹುದು. ನಮಸ್ಕಾರ.